ನಮ್ಮ ಭಾಷೆ ಜತಿ ಕಲಿತದ್ದು

ಜನ್ನಾಪುರ, ಭದ್ರಾವತಿ

ಅಕ್ಕನಿಗೆ,

ನಾನೂ ಮಲ್ಲೇಶನೂ ಕಟ್ಟುತ್ತಿರುವ ಕಂಪ್ಯೂಟರ್ ಭಾಷೆಗೆ ಗೊತ್ತಿದ್ದದ್ದು ಅಂಕಿ, ಅಕ್ಷರ ಎರಡೇ. ಬೇರೆ ಬಗೆಯ ಮಾಹಿತಿ ಬೇಕಾದರೆ ಭಾಷೆ ಬಳಸುವವರೇ ಆ ಬಗೆಯನ್ನು ಸೇರಿಸಿಕೊಳ್ಳಲಿ ಎಂಬುದು ನನ್ನ ಹಟ. "ಯಾರಿಗೆ ಬೇಕು ಮಾರಾಯ, ಆ ಸೌಲಭ್ಯ ತೆಗೆದುಬಿಡೋಣ" ಎನ್ನುತ್ತಿದ್ದ ಅವನು.

ನಿನ್ನೆ ಪರೀಕ್ಷಿಸಲು ಕರೆದಿದ್ದ ಓಲ್ಡ್ ಟೌನಿನ ಮೃದಂಗದ ಟೀಚರ್ ಇಂಪನಾ, ಅದರಲ್ಲಿ ತಕಧಿಮಿಯಂಥ ಬಾಯಿಪಾಠದ ಸಾಲಿಗೆ 'ಜತಿ' ಎಂಬ ಹೊಸ ಬಗೆ ಮಾಡಿದರು. ಎರಡು ಜತಿ ಕೂಡಿಸು ಎಂದರೆ ಒಂದರ ಬೆನ್ನಿಗೆ ಇನ್ನೊಂದನ್ನು ನುಡಿಸಬೇಕೆಂದೂ ಬರೆದರು. ಕಂಪ್ಯೂಟರ್ ತಪ್ಪದೆ ನುಡಿಸಿತು.

"ಇದನ್ನ ನಾವು ಹೇಳಿಕೊಟ್ಟಿರ್ಲಿಲ್ವಲ್ಲ" ಎಂದ ಮಲ್ಲೇಶ.

"ನಾನು ಹೇಳಿಕೊಟ್ಟೆ" ಎಂದರು ಅವರು.

ಆ ಸೌಲಭ್ಯ ತೆಗೆಯುವ ಮಾತನ್ನು ಅವನು ಮತ್ತೆ ಎತ್ತಲಿಲ್ಲ.

ನನ್ನ ಕೆಮ್ಮು ವಾಸಿ, ಇಲ್ಲಿಯ ನೀರು ಒಗ್ಗಿದೆ. ಈಗ ಮಲ್ಲೇಶ, ಇಂಪನಾ ಇಬ್ಬರೂ ರಾಗಕ್ಕೂ ಒಂದು ಬಗೆ ಮಾಡಲು ಕೂತಿದ್ದಾರೆ. ನನ್ನನ್ನು ಕರೆಯಲಿಲ್ಲ, ಅದಕ್ಕೇ ಕಾರ್ಡ್ ಬರೆಯಲು ಬಿಡುವಾಯಿತು.

ನಿನ್ನ ತಮ್ಮ,
ಆನಂದ್