ಎಣ್ಣೆ ಕುಡಿಯುತ್ತಿದ್ದ ಬಂದೂಕು

ಶಿಗ್ಗಾವಿ,
೧೯೪೬, ಸವಣೂರ ಸಂತೆಯ ಹಿಂದಿನ ದಿನ

ಶಹಾಬುದ್ದೀನ ಚಾಚಾ ಅವರಿಗೆ, ಹಳೆಯ ಗಿರಾಕಿ ಅಜ್ಜಪ್ಪನ ಸಲಾಮು.

ಈ ಪತ್ರ ಕೇಳಿಸಿಕೊಳ್ಳಲು ನೀವು ಎದ್ದು ಕೂಡ್ರಬೇಕಾಗಿಲ್ಲ. ನೀವು ಮಲಗಿರುವ ಜಾಗದಲ್ಲಿ ಅದಕ್ಕೆ ಅನುಕೂಲವೂ ಇಲ್ಲ. ಆದರೆ ನಾನು ಮಾತ್ರ ನಿಂತೇ ಹೇಳಬೇಕು, ಏಕೆಂದರೆ ಇದು ಆರೋಪಿಯ ಹೇಳಿಕೆ. ಶಿಗ್ಗಾವಿಯ ಕೋರ್ಟಿನಲ್ಲಿ ಕರಿಕೋಟು ತೊಟ್ಟು ಕಳ್ಳರ ಪರವಾಗಿ ವಾದಿಸುವ ನಾನು, ಕಳೆದ ಸಂತೆಯ ದಿನ, ಹಾಡಹಗಲು, ಅದೇ ಕೋಟಿನೊಳಗೆ ನಿಮ್ಮ ಅಂಗಡಿಯ ಒಂದು ಮಣೆಯನ್ನು ಅಡಗಿಸಿಕೊಂಡು ಹೊರಬಿದ್ದೆ. ಬಂದೂಕು ರಿಪೇರಿಯ ಅಂಗಡಿಗೆ ನುಗ್ಗಿ ಮಣೆ ಕದ್ದ ಕಳ್ಳ ಮುಂಬಯಿ ಇಲಾಖೆಯಲ್ಲೇ ಇನ್ನೊಬ್ಬನಿರಲಾರ. ಬಾಗಿಲಲ್ಲಿ ಕುಳಿತಿದ್ದ ಹಮೀದುನ್ನೀಸಾ ಚಾಚಿ ನನ್ನ ಕೋಟಿನ ಉಬ್ಬನ್ನು ನೋಡಿ, "ಯಾಕ್ರಿ ವಕೀಲ್ರ, ಒಮ್ಮಿಂದೊಮ್ಮೆಲೆ ಹೊಟ್ಟಿ ಬಂದೈತಲ್ರಿ?" ಎಂದರು. ನಾನು, "ಕೋರ್ಟಿನ ಕೆಲಸ ಛಲೋ ನಡದೈತ್ರಿ ಚಾಚಿ" ಎಂದೆ. ಕಳವಿಗೆ ಸುಳ್ಳೂ ಸೇರಿತು.

ಅದು ಗಿರಾಕಿಗಳು ಕೂಡ್ರುವ ಮಣೆ. ಹಾನಗಲ್ಲು, ಶಿಗ್ಗಾವಿ, ಸವಣೂರು, ಹಿರೇಕೆರೂರು ಕಡೆಯ ರೈತರ ತಾಳ್ಮೆಯೆಲ್ಲ ಕುಳಿತು ಕುಳಿತು ಕನ್ನಡಿಯಂತೆ ನುಣುಪಾದ ಮಣೆ. ಯಾಕೆ ಕದ್ದೆನೆಂಬುದನ್ನು ಆಮೇಲೆ ಹೇಳುತ್ತೇನೆ. ಮೊದಲು ತಕರಾರು. ಸತ್ತವರನ್ನು ಆಡಿಕೊಳ್ಳಬಾರದು ಅನ್ನುತ್ತಾರೆ. ಹಾಗೆ ಅಂದವರು ನಿಮ್ಮ ಕೈಗೆ ಬಂದೂಕು ಕೊಟ್ಟು ನೋಡಿದವರಲ್ಲ.

ಸವಣೂರ ಪೇಟೆಯಲ್ಲಿ ವೀಳ್ಯದೆಲೆ ಮಾರುವವರ ಸಾಲಿನ ಕೊನೆಗೆ, ಬೆಳಕೂ ಪರವಾನಗಿ ಕೇಳಿಯೇ ಒಳಗೆ ಬರುವಂಥ ಆ ಅಂಗಡಿ. ಹೊಲ ಕಾಯುವ ರೈತ ತುಕ್ಕು ಹಿಡಿದ ನಳಿಗೆಯನ್ನು ಹೆಗಲಿಗೇರಿಸಿಕೊಂಡು ಹರದಾರಿಗಟ್ಟಲೆ ನಡೆದು ಬಂದರೆ, ನೀವು ಅದನ್ನು ಮುಟ್ಟುತ್ತಲೇ ಇರಲಿಲ್ಲ. "ಕುಂತ್ರಿ. ಮೊದಲ ಎಲಿ, ಆಮ್ಯಾಲ ನಳಿಗಿ" ಎಂದು ಸವಣೂರ ಎಲೆಗೆ ಸುಣ್ಣ ಹಚ್ಚಿ ಕೊಡುತ್ತಿದ್ದಿರಿ. ಅವನ ಬಾಯಿ ಕೆಂಪಾದ ಮೇಲೆ, ಡಾಕ್ಟರು ಗಂಟಲು ನೋಡಿದ ಹಾಗೆ ನಳಿಗೆಯೊಳಗೆ ನೋಡಿ, ಗಡ್ಡ ನೀವಿಕೊಂಡು, "ಮುಂದಿನ ಸಂತಿಗೆ ಬರ್ರಿ" ಎನ್ನುತ್ತಿದ್ದಿರಿ. ಮುಂದಿನ ಸಂತೆಗೆ ಬಂದರೆ ಬಂದೂಕು ಮೂಲೆಯಲ್ಲಿ ಹಾಗೆಯೇ ನಿಂತಿರುತ್ತಿತ್ತು. "ಎಣ್ಣಿ ಕುಡಿಯಾಕತ್ತೈತ್ರಿ. ಕುಡಿಯೂ ಮುಂದ ಎಬ್ಬಿಸಬಾರದು." ಅದರ ಮುಂದಿನ ಸಂತೆಗೂ ಅದೇ ಎಣ್ಣೆ, ಅದೇ ಕುಡಿತ. ಯುದ್ಧ ಶುರುವಾದ ಮೇಲಂತೂ ನಿಮ್ಮ ನೆಪಗಳಿಗೆ ಸಮುದ್ರವೇ ತೆರೆದುಕೊಂಡಿತು: "ಟೋಪಿ ವಿಲಾಯತಿಯಿಂದ ಬರಬೇಕ್ರಿ, ಹಡಗ ಮುಳಗೈತಂತ." ಬಂದೂಕಿನ ಕುದುರೆ ಬಡಿಯುವ ಆ ಚಿಕ್ಕ ತಾಮ್ರದ ಟೋಪಿಯನ್ನು ನೀವು ಬಂದೂಕಿಗಿಂತ ಗಿರಾಕಿಗೇ ಹೆಚ್ಚು ಸಲ ಹಾಕಿದ್ದೀರಿ ಎಂದು ಹೇಳಿ ನಾನು ವಕೀಲರನ್ನೆಲ್ಲ ನಗಿಸುತ್ತಿದ್ದೆ.

ಎಲ್ಲರೂ ನಗಲಿಲ್ಲ. ಅಬಲೂರಿನ ಗೋಣೆಪ್ಪ ನಗಲಿಲ್ಲ. ಅವನ ಶೇಂಗಾ ಹೊಲಕ್ಕೆ ಹಂದಿಗಳು ಬಿದ್ದಿದ್ದವು, ಅವನ ಬಂದೂಕು ನಿಮ್ಮ ಮೂಲೆಯಲ್ಲಿತ್ತು. ಕೊನೆಯ ಸಲ ಬಂದವನು ಆ ಮಣೆಯ ಮೇಲೆ ಕುಳಿತು, ದನಿಯೇರಿಸದೆ ಹೇಳಿದ: "ಸಾಹೇಬ್ರ, ಬಂದೂಕು ಎಣ್ಣಿ ಕುಡೀತು, ಹಂದಿ ಶೇಂಗಾ ತಿಂತು. ಹೊಟ್ಟಿ ತುಂಬದವ ನಾ ಒಬ್ಬನ ನೋಡ್ರಿ." ನೀವು ತಲೆ ತಗ್ಗಿಸಿ ಅವನ ಕೈಗೆ ಎಲೆ ಇಟ್ಟಿರಿ. ಅವನು ಅದನ್ನು ಅಗಿಯಲಿಲ್ಲ, ಮಣೆಯ ಮೇಲೆಯೇ ಬಿಟ್ಟು ಎದ್ದು ಹೋದ. ಚಾಚಾ, ನಾನು ನಿಮ್ಮ ಪರ ವಕೀಲ, ಆದರೆ ಆ ಎಲೆಯನ್ನು ನನ್ನಿಂದ ಮುಚ್ಚಿಡಲಾಗದು.

ದುಂಡಸಿಯ ಮೈಲಾರಪ್ಪನ ಪ್ರಕರಣ ಬೇರೆ. ಬದುವಿನ ಸಲುವಾಗಿ ಅಣ್ಣನೊಡನೆ ಬಡಿದಾಡಿಕೊಂಡು, ಕಣ್ಣು ಕೆಂಡ ಮಾಡಿಕೊಂಡು ಬಂದಿದ್ದ. "ಇವತ್ತ ಬೇಕ್ರಿ ನನಗ!" "ಇವತ್ತ ಈಗರ ಎಣ್ಣಿ ಹಾಕೇನಿ." "ಎಣ್ಣಿ ಒರಿಸಿ ಕೊಡ್ರಿ!" "ಅರ್ಧಾ ಕುಡದದ್ದ ಕಸಗೊಂಡ್ರ ಬಂದೂಕಿನ ಶಾಪ ತಟ್ಟತೈತಿ ತಮ್ಮಾ. ಎಲಿ ಹಾಕ." ಹೀಗೆ ಅವನನ್ನು ಎಷ್ಟೋ ಸಂತೆ ಅಲೆಸಿದಿರಿ. ಕಡೆಗೊಂದು ದಿನ ಅಣ್ಣತಮ್ಮರಿಬ್ಬರೂ ಒಂದೇ ಚಕ್ಕಡಿಯಲ್ಲಿ ಬಂದು, ಕೂಡಿಯೇ ನಿಮ್ಮನ್ನು ಬೈದರು: "ಈಗರ ಕೊಡ್ರಿ ಮಾರಾಯ್ರ, ಇಬ್ಬರೂ ಕೂಡಿ ಹೊಲಾ ಕಾಯೂದೈತಿ." ಅವರನ್ನು ಒಂದು ಮಾಡಿದ್ದು ನಿಮ್ಮ ಬುದ್ಧಿಯೋ, ನಿಮ್ಮ ಮೇಲಿನ ಸಿಟ್ಟೋ, ನನಗೆ ಇಂದಿಗೂ ತಿಳಿದಿಲ್ಲ.

ಜಾಣತನವೋ ಸೋಮಾರಿತನವೋ? ಮೈಲಾರಪ್ಪನ ತೀರ್ಪು ಒಂದು, ಗೋಣೆಪ್ಪನದು ಇನ್ನೊಂದು. ನನಗೆ ಈ ಪ್ರಶ್ನೆ ಬರಿಯ ಹರಟೆಯದಲ್ಲ. ಯಾಕೆಂದರೆ ನಿಮ್ಮ ಅಂಗಡಿಯ ಚರಿತ್ರೆಯಲ್ಲಿ, ಹೇಳಿದ ಸಂತೆಗೆ ಸರಿಯಾಗಿ ಬಂದೂಕನ್ನು ಕೈಗೆ ಪಡೆದ ಗಿರಾಕಿ ಒಬ್ಬನೇ ಒಬ್ಬ. ಆ ಮಹಾಪುರುಷ ನಾನು. ಇದನ್ನು ಹೇಳಿಕೊಂಡು ಜಂಬ ಕೊಚ್ಚದ ಕಟ್ಟೆ ಈ ಕಡೆ ಉಳಿದಿಲ್ಲ.

ಬಂದೂಕು ಯಾಕೆ ಬೇಕಾಗಿತ್ತು ಎಂಬುದನ್ನು ಮಾತ್ರ ಎಲ್ಲಿಯೂ ಹೇಳಿಲ್ಲ.

೧೯೩೭ರ ಮಳೆಗಾಲದ ಕೊನೆ. ನನ್ನ ಹೆಂಡತಿ ಮಂಜವ್ವ, ಹಿರೇಕೆರೂರಿನ ಮಗಳು, ಆಗ ನಾವಿದ್ದ ಹಾನಗಲ್ಲಿನ ಮನೆಯಲ್ಲಿ ಚಳಿಜ್ವರದಲ್ಲಿ ಮಲಗಿದ್ದಳು. ನಾನು ಧಾರವಾಡದ ಕಾಲೇಜಿನ ಸ್ನೇಹಸಮ್ಮೇಳನಕ್ಕೆ ವಿನೋದ ಭಾಷಣ ಮಾಡಲು ಹೊರಟಾಗ ಅವಳೇ ಕೋಟಿನ ಗುಂಡಿ ಹಾಕಿ, "ಹೋಗ್ರಿ, ನಗಸಿ ಬರ್ರಿ, ಮನ್ಯಾಗ ಕುಂತ್ರ ನನ್ನ ಜ್ವರಕ್ಕೂ ಪದಾ ಕಟ್ಟತೀರಿ" ಎಂದಿದ್ದಳು. ಕಟ್ಟಿಯೂ ಬಿಟ್ಟೆ. "ನಮ್ಮ ಹಾನಗಲ್ಲಿನಲ್ಲಿ ಸೊಳ್ಳೆಯೇ ಜಹಗೀರದಾರ, ನಾವೆಲ್ಲ ರಕ್ತದಲ್ಲಿ ಕಂದಾಯ ಕಟ್ಟುವ ಒಕ್ಕಲುಗಳು" ಎಂದಾಗ ಸಭೆ ಬಿದ್ದು ಬಿದ್ದು ನಕ್ಕಿತು. ಆ ನಗು ನಿಲ್ಲುವ ಮುಂಚೆಯೇ ಜವಾನ ತಂತಿ ತಂದು ನನ್ನ ಕೈಯಲ್ಲಿಟ್ಟ. ಓದಿ ನಾನು ಕುರ್ಚಿ ಹಿಡಿದುಕೊಂಡಾಗ, ಅದೂ ಭಾಷಣದ ಭಾಗವೆಂದು ತಿಳಿದು ಹಿಂದಿನ ಸಾಲಿನವರು ಚಪ್ಪಾಳೆ ತಟ್ಟಿದರು.

ಮಂಜವ್ವ ಹೋದಳು, ಆ ಚಪ್ಪಾಳೆ ಮಾತ್ರ ನನ್ನ ಕಿವಿಯಿಂದ ಹೋಗಲಿಲ್ಲ. ಸಮಾಧಾನ ಹೇಳಲು ಬಂದವರು ಕೂಡ ನನ್ನ ಮುಖ ನೋಡುತ್ತ, ಇವನು ಈಗ ಏನಾದರೊಂದು ಅಂದಾನು ಎಂದು ಕಾಯುತ್ತಿದ್ದರು. ನನ್ನ ಬಾಯಲ್ಲಿ ಏನೂ ಉಳಿದಿರಲಿಲ್ಲ. ಹೆಸರು ಅಜ್ಜಪ್ಪ. ಆದರೆ ಅಜ್ಜನಾಗುವ ತನಕ ಇರುವ ಮನಸ್ಸಿರಲಿಲ್ಲ. ಆಡೂರ ಹೊಲ ಕಾಯಲೆಂದು ಅಪ್ಪ ಇಟ್ಟಿದ್ದ, ಎಷ್ಟೋ ವರ್ಷದಿಂದ ಕೆಟ್ಟು ಕುಳಿತಿದ್ದ ಬಂದೂಕನ್ನು ಅಟ್ಟದಿಂದ ಇಳಿಸಿ ನಿಮ್ಮಲ್ಲಿಗೆ ತಂದೆ. ಹುಬ್ಬಳ್ಳಿಗೆ ಹೋಗಿದ್ದರೆ ನಿಂತ ಕಾಲ ಮೇಲೆ ಮಾಡಿಕೊಡುವವರಿದ್ದರು. ಗೊತ್ತಿದ್ದೂ ಸವಣೂರ ಮೋಟಾರು ಹತ್ತಿದೆ. ಯಾಕೆ ಹತ್ತಿದೆನೆಂದು ನನ್ನನ್ನು ನಾನು ಇಂದಿಗೂ ಪಾಟೀಸವಾಲು ಮಾಡಿಲ್ಲ.

ನಿಮ್ಮ ಮುಂದೆ ಹೇಳಿದ ಸುಳ್ಳು ನೆನಪಿದೆ.

"ಆಡೂರ ಹೊಲದಾಗ ಹಂದಿ ಕಾಟ ಭಾಳ ಆಗೇತ್ರಿ ಚಾಚಾ."

"ಎಷ್ಟ ಅದಾವು?"

"ಒಂದ ಐತ್ರಿ."

"ಒಂದ ಹಂದಿಗೆ ಧಾರವಾಡದಾಗ ಕಲತ ವಕೀಲರ ಬರಬೇಕಾತೇನು?"

"ಒಂದ ಐತಿ, ಆದ್ರ ನಿದ್ದಿ ಮಾಡಗೊಡವಲ್ದು."

ನೀವು ನಳಿಗೆಯೊಳಗೆ ನೋಡಿದಿರಿ. ಆಮೇಲೆ ಬೋಳಿಸದ ನನ್ನ ಗಡ್ಡ ನೋಡಿದಿರಿ. ಎಲೆ ಕೊಟ್ಟಿರಿ. "ಮುಂದಿನ ಸಂತಿಗೆ ಬರ್ರಿ" ಎಂದಿರಿ. ಹೋದೆ. ಹೇಳಿದ ಸಂತೆಗೆ ಬಂದು ನೋಡಿದರೆ ಬಂದೂಕು ಒಗೆದ ಬಟ್ಟೆಯಲ್ಲಿ ಸುತ್ತಿ ಸಿದ್ಧವಾಗಿತ್ತು! ಪೇಟೆಗೆ ಪೇಟೆಯೇ ಬೆಕ್ಕಸ ಬೆರಗಾಯಿತು. ಪಕ್ಕದಲ್ಲಿ ಎಲೆ ಮಾರುವ ಮಾಬೂಬಿ ಬುಟ್ಟಿ ಬಿಟ್ಟು ಬಂದು, "ಯಾಕೋ ಶಹಾಬುದ್ದೀನ, ಮೈಯಾಗ ಆರಾಮ ಇಲ್ಲೇನೋ?" ಎಂದು ನಿಮ್ಮ ಹಣೆ ಮುಟ್ಟಿ ನೋಡಿದಳು. ನೀವು ನಗಲಿಲ್ಲ. ನನ್ನ ಕೈಗೆ ಬಂದೂಕು ಕೊಡುವಾಗ, "ಒಯ್ರಿ. ಕೆಟ್ಟರ ಮತ್ತ ಇಲ್ಲೇ ತರ್ರಿ, ಬ್ಯಾರೆದವರ ಕೈಯಾಗ ಕೊಡಬ್ಯಾಡ್ರಿ" ಎಂದಿರಿ. ಎಲ್ಲ ಅಂಗಡಿಯವರೂ ಆಡುವ ಮಾತೆಂದುಕೊಂಡೆ.

ಈ ಒಳಗಿನ ಸಂಗತಿಯನ್ನು ಬಹಳ ಹತ್ತಿರದ ಒಬ್ಬಿಬ್ಬರು ಹೇಗೋ ಊಹಿಸಿದ್ದರು. ಅವರ ಮುಂದೆ ನನ್ನ ಜಂಬದ ಇನ್ನೊಂದು ಪಾಠಾಂತರವಿತ್ತು: "ಬಂದೂಕು ಕೈಯಲ್ಲಿತ್ತು, ಮದ್ದು ತುಂಬಿತ್ತು. ನಾನೇ ಯೋಚಿಸಿ ಕೆಳಗಿಟ್ಟೆ. ನಗುವವನ ಮನಸ್ಸು ಗಟ್ಟಿ ಇರುತ್ತದಪ್ಪಾ." ಅವರು ನನ್ನ ಬೆನ್ನು ತಟ್ಟುತ್ತಿದ್ದರು. ಅದೂ ಚಪ್ಪಾಳೆಯ ಹಾಗೆಯೇ ಕೇಳಿಸುತ್ತಿತ್ತು.

ಕಳೆದ ಸಂತೆಯ ದಿನ ಚಾಚಿ ಹೇಳಿಕಳಿಸಿದ್ದರಿಂದ ಬಂದೆ. ನೀವು ಹೋದಿರೆಂದು ಅಂಗಡಿ ಖಾಲಿ ಮಾಡುತ್ತಿದ್ದರು. ನಿಮ್ಮ ಗಿರಾಕಿಗಳು ಒಬ್ಬೊಬ್ಬರಾಗಿ ಬಂದು ತಮ್ಮ ತಮ್ಮ ಬಂದೂಕು ಗುರುತಿಸಿ, ಹೆಣ ಗುರುತಿಸುವವರ ಹಾಗೆ ಸದ್ದಿಲ್ಲದೆ ಒಯ್ಯುತ್ತಿದ್ದರು. ಒಬ್ಬನಾದರೂ ತಡವಾಯಿತೆಂದು ಬಯ್ಯಲಿಲ್ಲ. ಆ ಮೌನವನ್ನು ತಡೆಯುವುದೇ ಕಷ್ಟವಾಯಿತು ಚಾಚಾ. ನಿಮ್ಮ ಅಂಗಡಿಯಲ್ಲಿ ಬೈಗುಳವಿಲ್ಲದ ಸಂತೆಯೇ? "ನಿಮ್ಮದೂ ಐತಿ, ಒಯ್ರಿ" ಎಂದು ಚಾಚಿ ಮೂಲೆ ತೋರಿಸಿದರು. ಅಪ್ಪನ ಬಂದೂಕು ಅಲ್ಲಿತ್ತು. ನಿಮ್ಮ ಹತಾರಗಳನ್ನು ಕೊಳ್ಳಲು ಬಂದಿದ್ದ ಹುಬ್ಬಳ್ಳಿಯ ಮಿಸ್ತ್ರಿ ಅದನ್ನು ತಿರುವಿ ನೋಡಿ ನಕ್ಕ. "ಟೋಪಿ ಕೂಡಿಸೂ ಮೊಳಿ ಹೊಸಾದು ಹಾಕ್ಯಾರ, ಆದ್ರ ಅದಕ್ಕ ತೂತ ಕೊರದಿಲ್ರಿ. ಕಿಡಿ ಒಳಗ ಮದ್ದಿಗೆ ಮುಟ್ಟೂದ ಹೆಂಗ? ಇದು ಯಾವತ್ತೂ ಹಾರೂದಿಲ್ಲ." ಮೂಲೆಯಲ್ಲಿದ್ದ ಉಳಿದವುಗಳನ್ನೂ ನೋಡಿದ. ಒಂದಕ್ಕೆ ಹಿಡಿಯೇ ಇರಲಿಲ್ಲ, ಒಂದರ ಕುದುರೆ ಸಡಿಲ. ಎಲ್ಲವೂ ಅರೆಬರೆ.

ನಾನು ಕೇಳಬಾರದಾಗಿತ್ತು, ಕೇಳಿದೆ. "ಚಾಚಿ, ಚಾಚಾ ಇದನ್ನ ಬೇಕಂತ ಬಿಟ್ಟಿದ್ರೋ, ಮರತಿದ್ರೋ?" ಚಾಚಿ, "ನಾ ಮಲಗೂ ಹೊರಸಿನ ಕಾಲು ಮುರದದ್ದು ನನ್ನ ಮಗಳ ಲಗ್ನದಾಗ. ಅಕಿಗೆ ಈಗ ಮಮ್ಮಕ್ಕಳು. ಇನ್ನೂ ಇಟ್ಟಂಗಿ ಮ್ಯಾಲ ನಿಂತೈತಿ" ಎಂದರು. ಆಮೇಲೆ ಕಣ್ಣೊರಸಿಕೊಂಡು, "ಆದ್ರ ನಿಮ್ಮದನ್ನ ನಾ ತಕ್ಕೊಂಡ ಒರಸಾಕ ಹ್ವಾದ್ರ, ಬಿಡು, ಅದರ ಕೆಲಸ ಮುಗದೈತಿ ಅಂತಿದ್ರು" ಎಂದರು. ಇಷ್ಟೇ ಸಾಕ್ಷಿ. ಇದರ ಮೇಲೆ ಯಾವ ನ್ಯಾಯಾಧೀಶನೂ ತೀರ್ಪು ಕೊಡಲಾರ.

ಬಂದೂಕನ್ನು ಅಂದೇ ಕಚೇರಿಗೆ ಒಪ್ಪಿಸಿ ಪರವಾನಗಿ ರದ್ದು ಮಾಡಿಸಿದೆ. ಮಣೆಯನ್ನು ಮನೆಗೆ ತಂದೆ. ಅದರ ಮೇಲೆಯೇ ಕುಳಿತು ಇದನ್ನು ಬರೆಯುತ್ತಿದ್ದೇನೆ. ಆರೋಪಿ ನಿಂತೇ ಹೇಳುತ್ತಾನೆಂದು ಮೊದಲು ಬರೆದದ್ದೂ ಸುಳ್ಳೇ ಆಯಿತು. ನಾಳೆ ಸವಣೂರ ಸಂತೆ. ಈ ವರ್ಷಗಳಲ್ಲಿ ಮೊದಲ ಸಲ ನನಗೆ ಹೋಗಲು ಅಂಗಡಿಯಿಲ್ಲ. ಧಾರವಾಡದ ಆ ಚಪ್ಪಾಳೆ ಮೊನ್ನೆಯಿಂದ ಮತ್ತೆ ಕೇಳಿಸತೊಡಗಿದೆ. ಅದು ಕೇಳಿಸಿದಾಗೆಲ್ಲ ಈ ಮಣೆಯ ಮೇಲೆ ಬಂದು ಕೂಡ್ರುತ್ತೇನೆ. ಇದರ ಮೇಲೆ ಕುಳಿತವನಿಗೆ ಕಾಯುವುದೊಂದೇ ಕೆಲಸ.

ನಾನು ತಂದ ಬಂದೂಕು ತಿರುಗಿ ನಿಮ್ಮ ಮೂಲೆಗೆ ಹೇಗೆ ಬಂತೆಂಬುದು ನಿಮಗೆ ಗೊತ್ತು. ಉಳಿದವರಿಗೂ ಗೊತ್ತಾಗಲಿ. ನಾನು ಯೋಚಿಸಲಿಲ್ಲ, ಕೆಳಗಿಡಲಿಲ್ಲ. ಸಂತೆಯ ಮರುದಿನ ಬೆಳಗ್ಗೆ, ಹಿತ್ತಿಲಲ್ಲಿ, ನನ್ನ ಗಟ್ಟಿ ಮನಸ್ಸು ಮಾಡಬೇಕೆಂದಿದ್ದನ್ನು ಮಾಡಿಯೇ ಬಿಟ್ಟಿತು. ಬಂದೂಕು ಟಪ್ ಎಂದಿತು. ಅಷ್ಟೇ. ಬೇಲಿಯ ಮೇಲಿನ ಕಾಗೆಯೂ ಹಾರಲಿಲ್ಲ. ಆಗ ನನಗೆ ದೇವರು ನೆನಪಾಗಲಿಲ್ಲ, ಮಂಜವ್ವ ನೆನಪಾಗಲಿಲ್ಲ. ಬಂದದ್ದು ಸಿಟ್ಟು. ನಿಮ್ಮ ಮೇಲೆ. ಅವಳು ಹೋದಮೇಲೆ ನನಗೆ ಬಂದ ಮೊದಲ ಸಿಟ್ಟು. ಮುಖ ತೊಳೆದು, ಕೋಟು ತೊಟ್ಟು, ಮೊದಲ ಮೋಟಾರು ಹಿಡಿದು ಸವಣೂರಿಗೆ ಬಂದು, ಬಂದೂಕನ್ನು ನಿಮ್ಮ ಮುಂದೆ ಕುಕ್ಕಿ, ಪೇಟೆಗೆಲ್ಲ ಕೇಳುವ ಹಾಗೆ ಕೂಗಿದೆ: "ಇದೇನ್ರಿ ನಿಮ್ಮ ಕೆಲಸ? ಒಂದ ಸಲಾನೂ ಹಾರಲಿಲ್ಲ! ರೊಕ್ಕಾ ತಿರುಗಿ ಕೊಡ್ರಿ!"

ನೀವು ಬಂದೂಕು ನೋಡಲಿಲ್ಲ. "ಹಂದಿ ತಪ್ಪಿಸ್ಕೊಂತೇನ್ರಿ ವಕೀಲ್ರ?" ಎಂದಿರಿ.

"ತಪ್ಪಿಸ್ಕೊಂತ್ರಿ."

"ಹೋಗ್ಲಿ ಬಿಡ್ರಿ. ಕುಂತ್ರಿ, ಎಲಿ ಹಾಕ್ರಿ. ಮುಂದಿನ ಸಂತಿಗೆ ಬರ್ರಿ."

ಬಂದೆ. ಎಣ್ಣೆ ಕುಡಿಯುತ್ತಿತ್ತು. ಅದರ ಮುಂದಿನ ಸಂತೆಗೂ ಬಂದೆ. ಚಾಚಾ, ಹೇಳಿದ ದಿನಕ್ಕೆ ಬಂದೂಕು ಪಡೆದವನೆಂದು ಮೆರೆದ ಈ ಅಜ್ಜಪ್ಪ, ಇನ್ನೂ ಬದುಕಿದ್ದೇನೆಂದು ತಕರಾರು ಹೇಳಲು ನಿಮ್ಮ ಅಂಗಡಿಗೆ ಬಂದ ಗಿರಾಕಿ.

ನೀವಿರುವಲ್ಲಿ ಯಾರೂ ನಿಮಗೆ ಅವಸರ ಮಾಡದಿರಲಿ. ನನ್ನ ಪಾಳಿಯನ್ನೂ ಮುಂದಿನ ಸಂತೆಗೆ ತಳ್ಳುತ್ತ ಇರ್ರಿ.

ನಿಮ್ಮ ಮಣೆಗಳ್ಳ,
ಅಜ್ಜಪ್ಪ