ದಾರದ ಮೇಲೆ ಹೊರಿಸಿದ ತಪ್ಪು

ಮಾರ್ಚ್ 4

ಅತ್ತೆಯ ಊಟ ಇವತ್ತೂ ಮಿಕ್ಸಿಗೆ. ಹಲ್ಲು ಕೀಳಿಸಿ ಎರಡು ತಿಂಗಳಾಯಿತು, ಗಾಯ ಮುಚ್ಚಿಲ್ಲ. ಆಫೀಸಿಗೆ ಹೊರಡುವ ಅವಸರದಲ್ಲೇ ಟಾರ್ಚ್ ಬಿಟ್ಟು ನೋಡಿದೆ — ಒಳಗೆ ಏನೋ ಬೆಳ್ಳಗೆ.

ಸ್ಪೀಕರ್ ಫೋನಿನಲ್ಲಿ ನಾದಿನಿಯ ಬೈಗುಳ: "ಜೀವನವಿಡೀ ದಾರ ಕಚ್ಚಿ ಕಚ್ಚಿ ಹರಿದ್ರೆ ಇನ್ನೇನಾಗುತ್ತಮ್ಮಾ? ಕತ್ತರಿ ಇರೋದ್ಯಾಕೆ?"

ಅತ್ತೆ ಹೊಲಿಗೆ ಮಷಿನ್‌ನಿಂದ ತಲೆ ಎತ್ತಲಿಲ್ಲ. "ಕತ್ತರಿ ಹುಡುಕೋಷ್ಟರಲ್ಲಿ ಒಂದು ತೋಳು ಹೊಲಿದು ಮುಗಿಸ್ತೀನಿ ಕಣೇ."

ನಾನೂ ನಾದಿನಿಯ ಪಕ್ಷ ಸೇರಿದೆ.

ಮಾರ್ಚ್ 11, ಸಂಜೆ

ಬೇರೆ ಡೆಂಟಿಸ್ಟ್. ಬಾಯಿ ನೋಡಿದವರೇ ಗಂಭೀರವಾದರು. "ಕಾಣ್ತಿರೋದು ದವಡೆ ಮೂಳೆ. ಅಷ್ಟು ಭಾಗ ಸತ್ತಿದೆ. ಮೂಳೆ ಗಟ್ಟಿಯಾಗೋಕೆ ಇಂಜೆಕ್ಷನ್ ತಗೋತಿದ್ದಾರಾ?"

ಹೌದು. ಆರು ತಿಂಗಳಿಗೊಂದು. ನಾಲ್ಕು ವರ್ಷದಿಂದ.

"ಶುರು ಮಾಡೋ ಮುಂಚೆ ಹಲ್ಲು ತೋರಿಸಿ ಅಂದಿದ್ರಾ? ಹಲ್ಲು ಕೀಳಿಸೋದಾದ್ರೆ ತಿಳಿಸಿ ಅಂತ?"

ಯಾರೂ ಅಂದಿರಲಿಲ್ಲ. ಹಲ್ಲು ಕಿತ್ತವರೂ ಕೇಳಿರಲಿಲ್ಲ. ಮತ್ತೆ ದಾರ ಕಚ್ಚಿದ್ದು? ಕೇಳಿದೆ.

"ಪಾಪ, ದಾರ ಏನ್ಮಾಡುತ್ತೆ? ಆ ಇಂಜೆಕ್ಷನ್ ತಗೊಳ್ಳೋರಿಗೆ ಹಲ್ಲು ಕಿತ್ರೆ ಕೆಲವು ಸಲ ದವಡೆ ಮೂಳೆ ಹೀಗೆ ಸಾಯುತ್ತೆ."

ಕಾರಿನಲ್ಲಿ ಅತ್ತೆ: "ಮೂಳೆ ಉಳಿಸೋಕೆ ಹೋಗಿ ಮೂಳೆ ಸಾಯಿಸಿದ್ರಾ? ಚೆನ್ನಾಗಿದೆ!" ನನಗೆ ನಗು ಬರಲಿಲ್ಲ.

ಮಾರ್ಚ್ 13

ಇಂಜೆಕ್ಷನ್ ಬರೆದುಕೊಟ್ಟ ಮೂಳೆ ಡಾಕ್ಟರ್. "ತುಂಬಾ ರೇರ್, ಮೇಡಂ." ಇರಬಹುದು. ಅತ್ತೆಗಿರುವುದು ಒಂದೇ ದವಡೆ.

"ಮೊದಲೇ ಹೇಳಿದ್ರೆ ಹೆದರಿ ಇಂಜೆಕ್ಷನ್ನೇ ಬೇಡ ಅಂತಾರೆ."

ಅಂದರೆ, ಗೊತ್ತಿತ್ತು. ಗೊತ್ತಿದ್ದೂ...

"ಅಂದಹಾಗೆ, ಅವರು ದಾರ ಕಚ್ತಾರಂತಲ್ಲ? ಅವರ ಮಗಳು ಫೋನಲ್ಲಿ ಅಂದ್ರು."

ದನಿ ಏರಿಸಲಿಲ್ಲ. ಏರಿಸಬೇಕಿತ್ತೇ? ಕಾನ್ವೆಂಟಿನಲ್ಲಿ ಸಾರಿ, ಥ್ಯಾಂಕ್ಯೂ ಕಲಿಸಿದರು, ಜಗಳ ಕಲಿಸಲಿಲ್ಲ. ಥ್ಯಾಂಕ್ಯೂ ಎಂದೇ ಎದ್ದು ಬಂದೆ, ಥೂ.

ಏಳುವ ಮುಂಚೆ ಕೇಳಿದ್ದೆ: ಮುಂದಿನ ಇಂಜೆಕ್ಷನ್? "ನಿಲ್ಲಿಸಿದ್ರೆ ಬೆನ್ನುಮೂಳೆ ಮುರೀಬಹುದು. ಡಿಸಿಷನ್ ನಿಮ್ದು."

ಈಗ ನಮ್ಮದು!

ಏಪ್ರಿಲ್ 2

ದವಡೆಗೆ ತಗುಲಿದ ಸೋಂಕು ಔಷಧಿಗೂ ಇಳಿದಿಲ್ಲ. ಸತ್ತ ಮೂಳೆ ತೆಗೆಯಲು ನಾಳೆ ಸರ್ಜರಿ. ಮೂಳೆ ಡಾಕ್ಟರ ಕ್ಲಿನಿಕ್‌ನಿಂದ ಫೋನ್: "ಆಂಟಿ ಇಂಜೆಕ್ಷನ್ ಡ್ಯೂ ಇದೆ, ಯಾವಾಗ ಬರ್ತೀರಾ?"

ಅತ್ತೆ ಫೋನ್ ಕಿತ್ತುಕೊಂಡರು. ಮಾತು ತೊದಲುತ್ತಿತ್ತು, ದನಿ ಮಾತ್ರ ಗಟ್ಟಿ. "ನಿಮ್ಮ ಡಾಕ್ಟ್ರಿಗೆ ಹೇಳಮ್ಮಾ, ಮೊದಲು ಹಲ್ಲಿನ ಡಾಕ್ಟ್ರ ಹತ್ರ ಮಾತಾಡ್ಲಿ. ಇಬ್ಬರೂ ಒಂದು ಮಾತಿಗೆ ಬಂದು ನನಗೆ ತಿಳಿಸ್ಲಿ. ಮೈ ನಂದು."

ಇಷ್ಟನ್ನು ನಾನು ಯಾಕೆ ಅನ್ನಲಿಲ್ಲ?

ಬ್ಯಾಗು ತುಂಬುವಾಗ ಕೇಳಿದರು: "ದವಡೆ ಎಷ್ಟು ತೆಗೀತಾರಂತೆ?"

"ಗೊತ್ತಿಲ್ಲ ಅತ್ತೆ."

"ಈ ಸಲ ಮುಂಚೇನೇ ಕೇಳು."

ಸರ್ಜನ್‌ಗೆ ಎರಡು ಸಲ ಫೋನ್ ಮಾಡಿದೆ, ಎತ್ತಲಿಲ್ಲ. ಎತ್ತುವವರೆಗೂ ಬಿಡುವುದಿಲ್ಲ. ಮತ್ತೆ ರಿಂಗ್ ಆಗುತ್ತಿದೆ —