ಹಾರ ಹಾಕಿದಿರಿ, ಹನಿ ನಿಲ್ಲಿಸಿದಿರಿ

ಹಾವೇರಿ, ಫೆಬ್ರವರಿ 30, 2169

ಇಪ್ಪತ್ತೊಂದನೆಯ ಶತಮಾನದ ಹಿರಿಯರಿಗೆ ರಾಚೋಟಿಯ ನಮಸ್ಕಾರ.

ತಾರೀಖು ತಪ್ಪಿಲ್ಲ. ನಿಮ್ಮ ಫೆಬ್ರವರಿ ಬಡಕಲಾಗಿತ್ತು; ನಾವು ಎರಡು ದಿನ ಉಣಬಡಿಸಿ ದಪ್ಪ ಮಾಡಿದ್ದೇವೆ. ಮೈ ತುಂಬಿಕೊಂಡೂ ನಮ್ಮಲ್ಲಿ ಬೈಸಿಕೊಳ್ಳದಿರುವುದು ಅದೊಂದೇ. ನನ್ನ ಕೆಲವು ಪದಗಳು ನಿಮಗೆ ಹೊಸವು, ಪ್ರಾಸದ ಚಟವಂತೂ ಹಳೆಯದು; ಎರಡನ್ನೂ ಸಹಿಸಿಕೊಳ್ಳಿ.

ಮೊದಲು ಮೈಮನೆ. ಪ್ರತಿ ಬಡಾವಣೆಯಲ್ಲೂ ಬಸ್ ನಿಲ್ದಾಣದ ಪಕ್ಕ ಒಂದಿದೆ. ನಿಮ್ಮ ಆರೋಗ್ಯ ಕೇಂದ್ರದ ಮೊಮ್ಮಗಳು ಅನ್ನಿ. ಅಲ್ಲಿನ ಕುರ್ಚಿಗಳಿಗೆ ಕೈಗಳಿಲ್ಲ, ಯಾರ ಸೊಂಟವೂ ಸಿಕ್ಕಿಕೊಳ್ಳುವುದಿಲ್ಲ. ತೂಕವನ್ನು ಯಾರೂ ಕೂಗಿ ಹೇಳುವುದಿಲ್ಲ. ಶಾಲೆಯ ಅಡುಗೆಗೆ ಏನು ಬೀಳಬೇಕು, ನಡೆಯುವವರಿಗೆ ಯಾವ ಬೀದಿಯಲ್ಲಿ ನೆರಳು ಬೇಕು, ಯಾವ ಓಣಿಯಲ್ಲಿ ಕರಿದ ತಿಂಡಿಗಿಂತ ಹಣ್ಣು ತುಟ್ಟಿಯಾಗಿದೆ ಎಂಬುದನ್ನೂ ಅಲ್ಲಿನವರೇ ನೋಡುತ್ತಾರೆ. ಇಷ್ಟಾದರೂ ಕೆಲವರ ಮೈ ಏರುತ್ತದೆ. ನಮ್ಮ ಮನೆತನದಲ್ಲೇ ಅದು ಬಂದಿದೆ. ಅಂಥವರಿಗೆ ತಣಿಹನಿ, ಎಂದರೆ ವಾರಕ್ಕೊಮ್ಮೆ ನಾಲಿಗೆಯಡಿ ಬಿಡುವ ಔಷಧ. ಹೊಟ್ಟೆ ತುಂಬಿದ ಮೇಲೂ ಬಿಡದೆ ಕೂಗುವ ಹಸಿವು ಅದರಿಂದ ಸುಮ್ಮನಾಗುತ್ತದೆ.

ನನ್ನ ಅಕ್ಕ ಚಂಪಾವತಿಗೆ ಅದು ಸಿಕ್ಕಿತು. ತೂಕ ಇಳಿಯಿತು, ಮೊಣಕಾಲಿನ ನೋವು ಕಳೆಯಿತು, ಸಕ್ಕರೆ ಹದಕ್ಕೆ ಬಂತು. 'ತಮ್ಮಾ, ತಾಟಿನ ಮುಂದ ಕುಂತ್ರ ಈಗ ತಲ್ಯಾಗ ಗದ್ಲ ಇಲ್ಲೋ' ಎಂದಳು. ಆಗ ಮೈಮನೆಯವರು ಅವಳಿಗೆ ಇಳಿಕೆ ಸನ್ಮಾನ ಮಾಡಿದರು. ಗುರಿ ಮುಟ್ಟಿದವರಿಗೆಲ್ಲ ಮಾಡುವ ಪದ್ಧತಿ: ಶಾಲು, ಹಾರ, ಹಣ್ಣಿನ ಬುಟ್ಟಿ, ಹಣ್ಣು ಬಾಡುವಷ್ಟು ಉದ್ದದ ಅಧ್ಯಕ್ಷ ಭಾಷಣ. ವೈದ್ಯರು ಮೈಕಿನಲ್ಲಿ, 'ಚಂಪಕ್ಕಾರ, ಇನ್ನ ನಿಮಗ ನಾವು ಬ್ಯಾಡ, ನಮಗ ನೀವು ಬ್ಯಾಡ' ಎಂದರು. ಎಲ್ಲರೂ ನಕ್ಕರು. ನಕ್ಕು ಮುಗಿದ ಮೇಲೆ ತಿಳಿಯಿತು, ಅವರು ನಿಯಮ ಓದಿ ಹೇಳಿದ್ದರು. ಹಾರ ಬಿದ್ದ ವಾರದಿಂದ ಹನಿ ಬೀಳಲಿಲ್ಲ.

ಗದ್ದಲ ಮರಳಿತು, ತೂಕ ಮರಳಿತು. ಅಕ್ಕ ಮಾತ್ರ ಮೈಮನೆಗೆ ಮರಳಲಿಲ್ಲ. ನಾನೇ ಹೋಗಿ ದಾದಿ ಮೆಹರುನ್ನಿಸಾ ಅವರನ್ನು ಕೇಳಿದೆ. ಪಾಪ, ಅವರ ದನಿಯೇ ಕುಗ್ಗಿತು: 'ಮತ್ತ ಸೇರಸ್ಕೋಬೇಕಂದ್ರ ಸನ್ಮಾನಾ ವಾಪಸ್ ಕೊಡಬೇಕ್ರಿ ಅಣ್ಣಾರ. ಅದ ಸ್ಟೇಜಿನ ಮ್ಯಾಲ, ಮಂದಿ ಮುಂದ. ನಾ ಏನ್ ಮಾಡ್ಲ್ರಿ?' ಅಕ್ಕನಿಗೆ ತಿಳಿಸಿದೆ. 'ಹೊದ್ದ ಶಾಲು ಮಂದಿ ಮುಂದ ಬಿಚ್ಚಿ ಕೊಡ್ಲೇನೋ? ಸತ್ರೂ ಒಲ್ಲೆ' ಎಂದಳು. ಈಗ ಎರಡು ಮೆಟ್ಟಿಲಿಗೇ ಏದುಸಿರು. ಸಕ್ಕರೆ ಏರಿದೆ, ಪಾದದ ಗಾಯ ಮಾಯುತ್ತಿಲ್ಲ. ಸಾಯುವ ಮಾತು ಬರೀ ಮಾತಾಗಿ ಉಳಿದಿಲ್ಲ.

ಆ ನಿಯಮದ ಬೇರು ಹುಡುಕಿದೆ. ನಿಮ್ಮ ಅಂಗಳದಲ್ಲಿ ಸಿಕ್ಕಿತು. ಇದು ದೀರ್ಘ ಕಾಯಿಲೆ, ಚಿಕಿತ್ಸೆ ನಿಂತರೆ ಮರಳುತ್ತದೆ ಎಂದು ನಿಮ್ಮ ವೈದ್ಯರಿಗೆ ಗೊತ್ತಿತ್ತು. ಬಿಪಿ ಇಳಿಯಿತೆಂದು ಹಾರ ಹಾಕಿ ಮಾತ್ರೆ ಕಸಿದುಕೊಂಡವರು ನಿಮ್ಮಲ್ಲಿ ಯಾರಿದ್ದರು? ದಪ್ಪಗಿದ್ದವರು ಎದುರು ಕೂತಾಗ ಮಾತ್ರ ತಿಳಿದದ್ದನ್ನು ಮರೆತಿರಿ. ಬಾಯಿ ಕಟ್ಟಲಾರದವರು ಎಂದು ನಕ್ಕಿರಿ. ಆ ನಗುವನ್ನೇ ನಾವು ಕಾನೂನು ಮಾಡಿಕೊಂಡೆವು. ಅದು ಹಗೆಗಳಿಂದ ಬಂದಿದ್ದರೆ ಇಷ್ಟು ನೋಯುತ್ತಿರಲಿಲ್ಲ. ಹಿರಿಯರೆಂದು ನಿಮ್ಮ ಫೋಟೋಗೆ ಕೈಮುಗಿದು ಬೆಳೆದವರು ನಾವು.

ಕೋರಿಕೆ ಇಷ್ಟೇ. ಇಳಿದವರನ್ನು ಬೀಳ್ಕೊಡಬೇಡಿ, ಏರಿ ಬಂದವರನ್ನು ಕಾರಣ ಕೇಳದೆ ಒಳಗೆ ಕರೆಯಿರಿ. ಚಿಕಿತ್ಸೆ ಬಹುಮಾನವಲ್ಲ, ತೂಕ ಮರಳಿದರೆ ಅವಮಾನವಲ್ಲ.

ಇಷ್ಟು ಬರೆಯುವಾಗ ಅಕ್ಕ ಹಾಸಿಗೆಯಿಂದಲೇ, 'ಯಾರಿಗ್ ಬರಿಯಾಕತ್ತೀಯೋ?' ಎಂದಳು. ಹೇಳಿದೆ. 'ಹುಚ್ಚಪ್ಪಾ, ಅವ್ರು ಓದಿದ್ರ ನಾ ಹಿಂಗ ಬಿದ್ಕೊಂಡಿರ್ತಿದ್ನೇನು?' ಎಂದಳು.

ಅವಳ ಪ್ರಶ್ನೆಯನ್ನೂ ಇಲ್ಲೇ ಬರೆದಿದ್ದೇನೆ. ನಿಮಗೆ ಉತ್ತರ ಹೊಳೆದರೆ ಅವಳಿಗೇ ಹೇಳಿ.

ರಾಚೋಟಿ